ದೇವರನ್ನು ಕೇಳುವುದು

ಕಷ್ಟ ಬಂದಾಗ ದೇವರನ್ನು ಕೇಳುವುದು ನಮ್ಮ ಸೀಮೆಯ ರೂಢಿ. ಮಗಳ ಮದುವೆ, ಮನೆಯ ಪಾಯ, ದನದ ಖಾಯಿಲೆ, ದಾಯಾದಿಗಳ ವ್ಯಾಜ್ಯ, ಇವುಗಳಲ್ಲಿ ಯಾವುದು ಬಂದೊದಗಿದರೂ ಪಂಚನಹಳ್ಳಿಯ ಸುತ್ತಿನ ಜನರು ಗ್ರಾಮದೇವತೆಯ ಗುಡಿಗೆ ಹೋಗಿ ಹೂವಿನ ಪ್ರಸಾದವನ್ನು ಕೇಳುತ್ತಾರೆ. ಈ ಪದ್ಧತಿಯನ್ನು ನೋಡದ ವಾಚಕರಿಗಾಗಿ ಎರಡು ಮಾತುಗಳನ್ನು ಹೇಳಬೇಕು. ಪೂಜಾರಿಯು ದೇವಿಯ ಮೂರ್ತಿಗೆ ಬಲಗಡೆಯಲ್ಲಿಯೂ ಎಡಗಡೆಯಲ್ಲಿಯೂ ನೀರಿನಲ್ಲಿ ಅದ್ದಿದ ಹೂಗಳನ್ನು ಅಂಟಿಸಿ ಮಂಗಳಾರತಿ ಮಾಡುತ್ತಾನೆ. ಬಂದವರು ತಮ್ಮ ಸಂಕಟವನ್ನು ಅರಿಕೆ ಮಾಡಿಕೊಂಡು ಎದುರಿಗೆ ಕುಳಿತುಕೊಳ್ಳುತ್ತಾರೆ. ಬಲಗಡೆಯ ಹೂ ಬಿದ್ದರೆ ಅಪ್ಪಣೆಯಾಯಿತು. ಎಡಗಡೆಯದು ಬಿದ್ದರೆ ಬೇಡವೆಂದಾಯಿತು. ಯಾವುದೂ ಬೀಳದಿದ್ದರೆ ಕಾಲ ಇನ್ನೂ ಕೂಡಿಬಂದಿಲ್ಲ. ಇಷ್ಟರಿಂದ ತೃಪ್ತಿಯಾಗದವರು ತಿಪಟೂರಿನ ಬಳಿಯ ದಸರೀಘಟ್ಟಕ್ಕೆ ಹೋಗುವುದೂ ಉಂಟು. ಅಲ್ಲಿ ಚೌಡೇಶ್ವರಿಯು ಅಕ್ಷರಗಳಲ್ಲಿಯೇ ಬರೆದು ಉತ್ತರ ಕೊಡುತ್ತಾಳೆಂದು ಜನರ ನಂಬಿಕೆ.

ಒದ್ದೆಯ ಹೂ ಒಣಗಿದರೆ ತಾನಾಗಿ ಬೀಳುವುದಲ್ಲವೇ, ಅದರಲ್ಲಿ ದೇವರೇನು ಬಂತು ಎಂದು ನನ್ನ ವಿದ್ಯಾರ್ಥಿಗಳು ನನ್ನನ್ನು ಕೇಳಿದ್ದುಂಟು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಸಂಸ್ಕೃತ ಕನ್ನಡಗಳನ್ನು ಬೋಧಿಸಿದ ನಾನು ಅವರಿಗೆ ಸಮಾಧಾನವಾಗುವಂತಹ ಉತ್ತರವನ್ನು ಎಂದೂ ಕೊಡಲಿಲ್ಲ. ಈ ಲೇಖನದಲ್ಲಿಯೂ ಆ ಚರ್ಚೆಗೆ ನಾನು ಹೋಗುವುದಿಲ್ಲ. ಹೂ ಏತಕ್ಕಾಗಿ ಬಿತ್ತು ಎಂಬುದಕ್ಕಿಂತ, ಬಿದ್ದ ಹೂವನ್ನು ನೋಡಿದ ಮನುಷ್ಯನು ಏನು ಮಾಡಿದನು ಎಂಬುದು ನನಗೆ ದೊಡ್ಡ ಪ್ರಶ್ನೆಯಾಗಿ ತೋರಿದೆ. ಆ ಮನುಷ್ಯನು ನಾನೇ ಆಗಿದ್ದೆನಾದ್ದರಿಂದ ಈ ವಿಷಯವನ್ನು ಬರೆಯಲು ನನಗೆ ಅಲ್ಪ ಸ್ವಲ್ಪ ಅಧಿಕಾರವಿದೆಯೆಂದು ಭಾವಿಸುತ್ತೇನೆ.

ನಮ್ಮ ಜಿಲ್ಲೆಯ ಪಶ್ಚಿಮದ ಕಡೆಯವರು ಮಳೆ ಸಾಕಪ್ಪಾ ಎನ್ನುವಾಗ ಪೂರ್ವದ ಕಡೆಯ ನಾವು ಮುಗಿಲು ನೋಡುತ್ತಿರುತ್ತೇವೆ. ಕಡೂರಿನ ಬಯಲಿಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರಿನ ಆಸುಪಾಸು. ಅದೂ ಹೇಳಿದ ಕಾಲಕ್ಕೆ ಬರುವುದಿಲ್ಲ. ಅಂತರ್ಜಲವನ್ನು ಮಿತಿಮೀರಿ ತೆಗೆದ ತಾಲ್ಲೂಕುಗಳ ಪಟ್ಟಿಯಲ್ಲಿ ನಮ್ಮದೂ ಸೇರಿದೆ. ಇಂತಹ ನೆಲದಲ್ಲಿ ನಮ್ಮ ತಂದೆಯವರು ಮೂರು ಎಕರೆಯಲ್ಲಿ ನೂರ ಇಪ್ಪತ್ತು ತೆಂಗಿನ ಸಸಿಗಳನ್ನು ನೆಟ್ಟು, ತೆರೆದ ಬಾವಿಯಿಂದ ಏತದಲ್ಲಿಯೂ ಆಮೇಲೆ ಪಂಪಿನಲ್ಲಿಯೂ ನೀರು ಹೊಯ್ದು ಮರಗಳನ್ನಾಗಿ ಮಾಡಿದರು. ಆ ಬಾವಿಯು ನನ್ನ ನಡುವಯಸ್ಸಿನಲ್ಲಿ ಬತ್ತಿತು. ಮೊದಲನೆಯ ಕೊಳವೆಬಾವಿಯು ಇನ್ನೂರು ಚಿಲ್ಲರೆ ಅಡಿಗೆ ನೀರು ಕೊಟ್ಟಿತು. ಹದಿನೈದು ವರ್ಷಗಳ ಬಳಿಕ ಅದು ಬತ್ತಲು, ಎರಡನೆಯದನ್ನು ಅದರ ಎರಡರಷ್ಟು ಆಳಕ್ಕೆ ಕೊರೆಯಿಸಿದೆವು. ಅದೂ 2016ರ ಬೇಸಿಗೆಯಲ್ಲಿ ಗಾಳಿಯನ್ನು ಉಗುಳತೊಡಗಿತು. ಆ ವರ್ಷ ಮುಂಗಾರೂ ಹಿಂಗಾರೂ ಎರಡೂ ಕೈಕೊಟ್ಟವು. ರಾಜ್ಯದ ಅಂದಿನ 176 ತಾಲ್ಲೂಕುಗಳಲ್ಲಿ 160ನ್ನು ಸರಕಾರವು ಬರಪೀಡಿತವೆಂದು ಸಾರಿತು.

ತೆಂಗಿನ ಮರವು ಸಾಯುವ ಬಗೆಯನ್ನು ಕಂಡವರೇ ಬಲ್ಲರು. ರಾಗಿಯ ಪೈರಾದರೆ ಒಂದು ತಿಂಗಳಿನಲ್ಲಿ ಒಣಗಿ ಮುಗಿಯುತ್ತದೆ, ದುಃಖವೂ ಅಷ್ಟಕ್ಕೇ ಮುಗಿಯುತ್ತದೆ. ತೆಂಗು ಹಾಗಲ್ಲ. ಮೊದಲು ಕೆಳಗಿನ ಗರಿಗಳು ಜೋತುಬೀಳುತ್ತವೆ, ಬಳಿಕ ಹೀಚುಗಳು ಉದುರುತ್ತವೆ, ಹೊಂಬಾಳೆಗಳು ಕಿರಿದಾಗುತ್ತವೆ, ಮರದ ತಲೆಯು ತಿಂಗಳಿಂದ ತಿಂಗಳಿಗೆ ಚಿಕ್ಕದಾಗುತ್ತ ಬಂದು ಕಡೆಗೊಂದು ದಿನ ಸುಳಿ ವಾಲಿ ಬೀಳುತ್ತದೆ. ಒಂದು ವರ್ಷದ ಬರದ ಫಲವನ್ನು ಅದು ಮುಂದಿನ ಎರಡು ಮೂರು ವರ್ಷಗಳ ಫಸಲಿನಲ್ಲಿ ತೋರಿಸುತ್ತದೆ. ತಂದೆಯು ನೆಟ್ಟ ಮರವು ಹೀಗೆ ಕಣ್ಣೆದುರಿಗೆ ಸಾಯುತ್ತಿರಲು ಮಗನಾದವನು ಸುಮ್ಮನಿರುವುದು ಕಷ್ಟ.

2017ರ ಯುಗಾದಿಯ ಮಾರನೆಯ ವಾರ, ಮೂರನೆಯ ಕೊಳವೆಬಾವಿಯನ್ನು ಕೊರೆಯಿಸಬೇಕೆಂದು ನಿಶ್ಚಯಿಸಿ ದೇವಿಯ ಅಪ್ಪಣೆ ಕೇಳಲು ಹೋದೆನು. ನಿಶ್ಚಯಿಸಿ ಹೋದೆನೆಂಬ ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಎಂಬತ್ತು ದಾಟಿದ ನನ್ನ ತಾಯಿಯೂ ಜೊತೆಯಲ್ಲಿದ್ದರು. ತೋಟದ ಪಶ್ಚಿಮದ ಮೂಲೆಯಲ್ಲಿ ಕೊರೆಯಿಸಲೇ ಎಂದು ಕೇಳಿದೆನು. ಬಹಳ ಹೊತ್ತು ಹೋಗದೆ ಎಡಗಡೆಯ ಹೂ ಬಿದ್ದಿತು. ಮನಸ್ಸಿಗೆ ಕಸಿವಿಸಿಯಾಯಿತು. ನಾನು ಸ್ಥಳವನ್ನು ತಪ್ಪಾಗಿ ಹೇಳಿರಬಹುದೆಂದುಕೊಂಡು, ಪೂರ್ವದ ಬದುವಿನಲ್ಲಿ ಕೊರೆಯಿಸಲೇ ಎಂದು ಮತ್ತೆ ಕೇಳಿದೆನು. ಪುನಃ ಎಡಗಡೆಯದೇ ಬಿದ್ದಿತು. ಪೂಜಾರಪ್ಪನು, "ಇವತ್ತು ಬ್ಯಾಡ ಬಿಡಿ ಮೇಷ್ಟ್ರೇ, ಅಮ್ಮ ಒಲ್ಲೆ ಅಂತಾಳೆ" ಎಂದನು. ನಾನು ಬಿಡಲಿಲ್ಲ. ಹೊಸ ಹೂಗಳನ್ನು ಇಡಿಸಿ, ಈ ತಿಂಗಳಲ್ಲಿ ಬೇಡವಾದರೆ ಬರುವ ತಿಂಗಳಲ್ಲಿ ಕೊರೆಯಿಸಲೇ ಎಂದು ಕೇಳಿ ಕುಳಿತೆನು. ಮುಕ್ಕಾಲು ಗಂಟೆಯಾಯಿತು. ಕಡೆಗೆ ಬಲಗಡೆಯ ಹೂವೊಂದು ಜಾರಿತು. ನಾನು ಕೈ ಮುಗಿದು ಎದ್ದೆನು.

ಮನೆಯ ದಾರಿಯಲ್ಲಿ ತಾಯಿಯು ಬಹಳ ದೂರ ಮಾತನಾಡಲಿಲ್ಲ. ಹುಣಸೆಮರದ ಕಟ್ಟೆಯ ಹತ್ತಿರ ಬಂದಾಗ ನಿಂತುಕೊಂಡು ಹೇಳಿದರು: "ಮೂರು ಸಲ ಕೇಳ್ದೆಯಲ್ಲೋ ಮಗಾ, ಒಂದು ಸಲನಾದ್ರೂ ಕೇಳಿದ್ಯಾ?"

ಅಕ್ಷರವನ್ನು ಅರಿಯದ ಮುದುಕಿಯ ಮಾತಿನಲ್ಲಿ ಶ್ಲೇಷೆಯಿದೆಯೆಂದು ಪಂಡಿತನಾದ ನನಗೆ ಅಂದು ತೋಚಲಿಲ್ಲ. ವಯಸ್ಸಾದವರ ಹಳೆಯ ಭಯವೆಂದು ತಿಳಿದು ಮುಂದೆ ನಡೆದೆನು. ಬರುವ ತಿಂಗಳಿಗೂ ಕಾಯಲಿಲ್ಲ. ಕೊರೆಯುವ ಲಾರಿಯು ಪಕ್ಕದ ಊರಿಗೆ ಬಂದಿದೆಯೆಂದು ಕೇಳಿ ಹತ್ತನೆಯ ದಿನವೇ ಕರೆಯಿಸಿದೆನು. ಮನೆಯವಳ ಎರಡು ಬಳೆಗಳನ್ನು ಅಡವಿಟ್ಟದ್ದಾಯಿತು. ರಾತ್ರಿಯೆಲ್ಲಾ ಯಂತ್ರವು ಅಬ್ಬರಿಸಿತು. ಆರುನೂರು ಅಡಿಗೆ ಧೂಳು, ಏಳುನೂರಕ್ಕೆ ಧೂಳು. ಇಲ್ಲಿಗೆ ಸಾಕೇ ಎಂದು ಅವರು ಕೇಳಿದಾಗ ಇನ್ನೂ ಹೋಗಲಿ ಎಂದೆನು. ಒಂಬೈನೂರು ಅಡಿಗೆ ಬೆಳಗಾಯಿತು. ತೆಂಗಿನ ಗರಿಗಳ ಮೇಲೆಲ್ಲ ಬೂದುಬಣ್ಣದ ಕಲ್ಲುಪುಡಿ ಕುಳಿತಿತ್ತು. ಲಕ್ಷಕ್ಕೆ ಮೇಲ್ಪಟ್ಟು ಸಾಲವಾಗಿ ನಿಂತಿತು. ಹನಿ ನೀರು ಬರಲಿಲ್ಲ.

ಆಮೇಲೆ ಒಂದು ತಿಂಗಳ ಕಾಲ ನಾನು ಗುಡಿಯ ಕಡೆಗೆ ಹೋಗಲಿಲ್ಲ. ಮನೆಯ ನಿತ್ಯಪೂಜೆಯನ್ನೂ ಮಂತ್ರಗಳನ್ನು ಬಾಯಿಪಾಠವಾಗಿ ಹೇಳಿ ಮುಗಿಸುತ್ತಿದ್ದೆನು. ಬಲಗಡೆಯ ಹೂ ಕೊಟ್ಟ ದೇವಿಯು ನನ್ನನ್ನು ಮೋಸಗೊಳಿಸಿದಳೆಂಬ ಸಿಟ್ಟು ಒಳಗೆ ಉರಿಯುತ್ತಿತ್ತು. ಎರಡು ಸಲ ಎಡಗಡೆ ಕೊಟ್ಟಿದ್ದಳೆಂಬುದನ್ನಾಗಲಿ, ಮೂರನೆಯ ಸಲ ಹೇಳಿದ ತಿಂಗಳನ್ನು ನಾನೇ ಮೀರಿದೆನೆಂಬುದನ್ನಾಗಲಿ ಆ ಸಿಟ್ಟು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ತಾಯಿಯ ಮಾತು ನನಗೆ ಅರ್ಥವಾದುದು ತರಗತಿಯಲ್ಲಿ. ಶಾಲೆ ತೆರೆದ ಹೊಸತರಲ್ಲಿ ಮಕ್ಕಳಿಗೆ "ಶುಶ್ರೂಷೆ" ಎಂಬ ಪದವನ್ನು ಬಿಡಿಸಿ ಹೇಳುತ್ತಿದ್ದೆನು. ಶುಶ್ರೂಷೆಯೆಂದರೆ ರೋಗಿಯ ಆರೈಕೆ, ಹಿರಿಯರ ಸೇವೆ ಎಂದು ಎಲ್ಲರೂ ಬಲ್ಲರು. ಆದರೆ ಆ ಪದವು ಹುಟ್ಟಿರುವುದು ಶ್ರು ಎಂಬ ಧಾತುವಿನಿಂದ; ಇಚ್ಛೆಯ ಅರ್ಥದಲ್ಲಿ ಸನ್ ಪ್ರತ್ಯಯ ಸೇರಿ, ಕೇಳಬೇಕೆಂಬ ಬಯಕೆ ಎಂದಾಗುತ್ತದೆ. ಮಾತನ್ನು ಕೇಳಬೇಕೆಂಬ ಬಯಕೆಯೇ ಬೆಳೆದು ಸೇವೆಯಾಯಿತು. ಸಂಸ್ಕೃತದಲ್ಲಿ ಪ್ರಶ್ನೆ ಮಾಡುವುದಕ್ಕೆ ಬೇರೆ ಧಾತು, ಕಿವಿಗೊಡುವುದಕ್ಕೆ ಬೇರೆ ಧಾತು. ನಮ್ಮ ಕನ್ನಡದಲ್ಲಿಯೋ ಎರಡಕ್ಕೂ ಒಂದೇ ಪದ. ವಿದ್ಯಾರ್ಥಿಯು ಗುರುವನ್ನು ಕೇಳುತ್ತಾನೆ. ಗುರುವಿನ ಮಾತನ್ನು ಕೇಳುತ್ತಾನೆ. "ಈ ಹುಡುಗ ಹೇಳಿದ ಮಾತು ಕೇಳುವುದಿಲ್ಲ" ಎಂದು ನಾವು ದೂರುವಾಗ ಅವನು ಕಿವುಡನೆಂದು ಅರ್ಥವಲ್ಲ, ಹೇಳಿದಂತೆ ನಡೆಯುವುದಿಲ್ಲವೆಂದು ಅರ್ಥ. ಪ್ರಶ್ನಿಸುವುದು, ಕಿವಿಗೊಡುವುದು, ನಡೆದುಕೊಳ್ಳುವುದು ಮೂರೂ ಒಂದೇ ಕ್ರಿಯೆಯ ಮೂರು ಹೆಜ್ಜೆಗಳೆಂದು ನಮ್ಮ ಭಾಷೆಯು ಎಣಿಸಿದೆ. ಮೊದಲನೆಯ ಹೆಜ್ಜೆಯನ್ನು ಮಾತ್ರ ಇಟ್ಟು ದೇವರನ್ನು ಕೇಳಿದೆನೆಂದು ಹೇಳಿಕೊಳ್ಳುವವನು ಕನ್ನಡವನ್ನೇ ಸರಿಯಾಗಿ ಕಲಿತಿಲ್ಲ. ಕರಿಹಲಗೆಯ ಮುಂದೆ ಸುಣ್ಣದ ಕಡ್ಡಿಯನ್ನು ಹಿಡಿದು ನಾನು ಸುಮ್ಮನೆ ನಿಂತುಬಿಟ್ಟೆನು. ಮಕ್ಕಳು ಮೇಷ್ಟರಿಗೆ ಏನೋ ಮರೆತುಹೋಯಿತೆಂದುಕೊಂಡರು.

ನಮ್ಮ ತಾಲ್ಲೂಕಿನ ಸಖರಾಯಪಟ್ಟಣದಲ್ಲಿ ಒಂದು ಕಥೆಯುಂಟು. ರೈಸ್ ಸಾಹೇಬರು ಸಹ ಮೈಸೂರಿನ ಗೆಜೆಟಿಯರಿನಲ್ಲಿ ಅದನ್ನು ಬರೆದಿಟ್ಟಿದ್ದಾರೆ. ಅಲ್ಲಿಗೆ ಸಮೀಪದ ಅಯ್ಯನಕೆರೆಯ ನೀರಗಂಟಿಯು ಹೊನ್ನಬಿಲ್ಲನೆಂಬವನು. ಕೆರೆಯು ಒಡೆಯುವಂತಾಗಿದ್ದ ಒಂದು ಸಮಯದಲ್ಲಿ ಕೆರೆಯ ದೇವಿಯು ಅವನಿಗೆ ಆ ಸೂಚನೆಯನ್ನು ಕೊಟ್ಟಳಂತೆ. ಅವನು, ಅರಸನಿಗೆ ತಿಳಿಸಿ ಬರುವವರೆಗೆ ಕಾಯಬೇಕೆಂದು ಬೇಡಿಕೊಂಡು, ಮಾತು ಪಡೆದು, ಪಟ್ಟಣಕ್ಕೆ ಬಂದು ಅರಸನಿಗೆ ಅರಿಕೆ ಮಾಡಿದನು. ನೀರಗಂಟಿಯು ಹಿಂದಿರುಗದಿದ್ದರೆ ದೇವಿಯು ಎಂದೆಂದಿಗೂ ಕಾಯುತ್ತಿರಬೇಕಷ್ಟೆ ಎಂದು ಎಣಿಸಿದ ಅರಸನು ಅವನನ್ನು ದಾರಿಯಲ್ಲಿಯೇ ಕೊಲ್ಲಿಸಿದನು. ಕೆರೆಯು ಉಳಿಯಿತು.

ಬಾಲ್ಯದಿಂದ ಕೇಳಿದ ಈ ಕಥೆಯಲ್ಲಿ ಅರಸನ ಬುದ್ಧಿವಂತಿಕೆಯನ್ನು ಮೆಚ್ಚಿದವರನ್ನು ಕಂಡಿದ್ದೇನೆ. ಒಂದು ಕಾಲದಲ್ಲಿ ನಾನೂ ಮೆಚ್ಚಿದ್ದೆನು. ಕೊಳವೆಬಾವಿಯ ಬಳಿಕ ನನಗೆ ಅದು ಬೇರೆ ತೆರನಾಗಿ ಕಂಡಿತು. ದೈವದ ಮಾತನ್ನು ಇಬ್ಬರೂ ನಂಬಿದರು. ಅರಸನ ನಂಬಿಕೆಯೂ ದೃಢವಾದದ್ದೇ. ದೇವಿಯು ಮಾತಿಗೆ ತಪ್ಪುವುದಿಲ್ಲವೆಂಬ ಭರವಸೆಯಿಲ್ಲದಿದ್ದರೆ ಅವನ ಉಪಾಯಕ್ಕೆ ಬೆಲೆಯೇ ಇರುತ್ತಿರಲಿಲ್ಲ. ಆದರೆ ನೀರಗಂಟಿಯು ಆ ಮಾತಿಗೆ ತಾನು ಆಳಾದನು. ಅರಸನು ಆ ಮಾತನ್ನು ತನಗೆ ಆಳು ಮಾಡಿಕೊಂಡನು. ಬಲಗಡೆಯ ಹೂ ಬೀಳುವವರೆಗೂ ಪ್ರಶ್ನೆಯನ್ನು ಬದಲಾಯಿಸುತ್ತ ಕುಳಿತ ನಾನು ಈ ಇಬ್ಬರಲ್ಲಿ ಯಾರ ಬಂಧುವೆಂಬುದನ್ನು ವಿವರಿಸಬೇಕಾಗಿಲ್ಲ. ಕಷ್ಟದಲ್ಲಿರುವವನಿಗೆ ನಂಬಿಕೆಯ ಕೊರತೆಯು ಅಷ್ಟಾಗಿ ಇರುವುದಿಲ್ಲ. ಮುಳುಗುವವನು ಹುಲ್ಲುಕಡ್ಡಿಯನ್ನೂ ನಂಬುತ್ತಾನೆ. ಅವನಿಗೆ ಕಷ್ಟವಾಗುವುದು ತನ್ನ ಇಚ್ಛೆಯ ಧ್ವನಿಯನ್ನೂ ದೇವರ ಧ್ವನಿಯನ್ನೂ ಬೇರ್ಪಡಿಸಿಕೊಳ್ಳುವುದು. ನನ್ನ ಅನುಭವದಲ್ಲಿ ಅದಕ್ಕೆ ಒಂದೇ ಗುರುತು: ನಮಗೆ ಬೇಡವಾದುದನ್ನೂ ಹೇಳಬಲ್ಲ ಧ್ವನಿಯನ್ನು ಮಾತ್ರ ದೇವರದೆಂದು ಎಣಿಸಬಹುದು.

ಇಲ್ಲಿ ಒಂದು ಆಕ್ಷೇಪವು ಬರುತ್ತದೆ. ಅರಸನು ಮಾಡಿದ್ದು ಅನ್ಯಾಯವಾದರೆ ಕೆರೆಯೇಕೆ ಉಳಿಯಿತು? ಅಯ್ಯನಕೆರೆಯು ಇಂದಿಗೂ ಇದೆ. ಅದರ ನೀರಿನಲ್ಲಿ ಪೈರು ಬೆಳೆಯುತ್ತದೆ. ಈ ಆಕ್ಷೇಪವನ್ನು ನಾನು ತಳ್ಳಿಹಾಕಲಾರೆನು. ನನ್ನ ಮೂರನೆಯ ಕೊಳವೆಯಲ್ಲಿ ಎರಡಂಗುಲ ನೀರು ಚಿಮ್ಮಿದ್ದರೆ ನಾನೂ ಏನನ್ನುತ್ತಿದ್ದೆನು? ದೇವಿಯನ್ನು ಕೇಳಿಯೇ ಕೊರೆಯಿಸಿದೆನೆಂದು ಊರಿಗೆಲ್ಲ ಸಾರಿ, ಹಠವನ್ನೇ ಭಕ್ತಿಯೆಂದು ಕರೆದುಕೊಂಡು, ಹಣ್ಣುಕಾಯಿ ಮಾಡಿಸಿ ಬರುತ್ತಿದ್ದೆನು. ಆದುದರಿಂದ ಫಲವನ್ನು ನೋಡಿ ವಿಧೇಯತೆಯನ್ನು ಅಳೆಯಲಾಗದು. ನೀರು ಬಂದರೆ ನಂಬಿಕೆ ನಿಜವಾಯಿತು, ಬಾರದಿದ್ದರೆ ಸುಳ್ಳಾಯಿತು ಎನ್ನುವುದು ಪೇಟೆಯ ವ್ಯವಹಾರ.

ಇದಕ್ಕಿಂತ ಕಠಿಣವಾದ ಮಾತೊಂದುಂಟು. ಧಾತು ಈಶ್ವರ ಸಂವತ್ಸರಗಳ ಬರವೆಂದು ನಮ್ಮ ಅಜ್ಜಿಯರ ಕಾಲದವರು ಹೇಳುತ್ತಿದ್ದ 1876ರಿಂದ 78ರ ಮಹಾಕ್ಷಾಮದಲ್ಲಿ ಮೈಸೂರು ಸೀಮೆಯ ಜನರು ಲಕ್ಷಗಟ್ಟಲೆಯಾಗಿ ಸತ್ತರು. 1871ರ ಖಾನೇಷುಮಾರಿಯಲ್ಲಿ ಐವತ್ತು ಲಕ್ಷಕ್ಕೆ ಮೇಲ್ಪಟ್ಟಿದ್ದ ಜನಸಂಖ್ಯೆಯು 1881ರಲ್ಲಿ ನಲವತ್ತೆರಡು ಲಕ್ಷಕ್ಕೂ ಕಡಮೆಯಾಗಿತ್ತು. ಸತ್ತವರು ದೇವರನ್ನು ನಂಬದವರು, ಉಳಿದವರು ನಂಬಿದವರು ಎಂದು ಯಾರಾದರೂ ಹೇಳಿದರೆ ಅದು ಶುದ್ಧ ಸುಳ್ಳು. ಸತ್ತವರಿಗೆ ಮಾಡುವ ಅಪಮಾನವೂ ಹೌದು. ಅವರೂ ಹೂ ಕೇಳಿದ್ದರು, ಮಳೆರಾಯನನ್ನು ಹೊತ್ತು ತಿರುಗಿದ್ದರು. ಕಷ್ಟದಲ್ಲಿ ದೇವರ ಮಾತಿನಂತೆ ನಡೆದವನಿಗೆ ಕಷ್ಟವು ತಪ್ಪುತ್ತದೆಂದು ನಾನು ಬರೆದರೆ ಈ ಲೇಖನವನ್ನು ಹರಿದುಹಾಕುವುದೇ ವಾಸಿ.

ಹಾಗಾದರೆ ನಂಬಿ ನಡೆಯುವುದರಿಂದ ಬರುವುದೇನು? ರಾಘವಾಂಕನು ಕಾವ್ಯವಾಗಿ ಬರೆದ ಹರಿಶ್ಚಂದ್ರನ ಕಥೆಯನ್ನು ಪಾಠ ಹೇಳುವಾಗ ನಾನು ಮಕ್ಕಳಿಗೆ ಒಂದು ಪ್ರಶ್ನೆ ಹಾಕುತ್ತಿದ್ದೆನು: ಈ ಕಥೆಯಲ್ಲಿ ನಮಗೆ ಗೊತ್ತಿದ್ದು ಹರಿಶ್ಚಂದ್ರನಿಗೆ ಗೊತ್ತಿಲ್ಲದ ಸಂಗತಿ ಯಾವುದು? ಜಾಣರು ಹೇಳುತ್ತಿದ್ದರು: ಇಂದ್ರನ ಸಭೆಯಲ್ಲಿ ವಸಿಷ್ಠ ವಿಶ್ವಾಮಿತ್ರರಿಗೆ ಪಂತವಾದದ್ದು. ನಾವು ಆ ಸಭೆಯನ್ನು ಮೊದಲೇ ಓದಿರುವುದರಿಂದ, ಇದು ಪರೀಕ್ಷೆ, ಕಡೆಗೆ ಒಳಿತಾಗುವುದೆಂಬ ಧೈರ್ಯದಿಂದ ಕಣ್ಣೀರು ಒರೆಸಿಕೊಂಡು ಮುಂದೆ ಓದುತ್ತೇವೆ. ಸ್ಮಶಾನದಲ್ಲಿ ನಿಂತ ಅರಸನಿಗೆ ಆ ಪ್ರಕರಣವನ್ನು ಯಾರೂ ಓದಿ ಹೇಳಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಕೊಟ್ಟ ಮಾತು ಒಂದು, ಅಂದಿನ ಕೆಲಸ ಒಂದು. ನಮ್ಮ ಬಾಳಿನಲ್ಲಿಯೂ ಇಂದ್ರಸಭೆಯ ಪ್ರಕರಣವನ್ನು ನಮಗೆ ಓದಿಸಿರುವುದಿಲ್ಲ. ಕೈಗೆ ಸಿಕ್ಕಿರುವುದು ಈ ದಿನದ ಪುಟ ಮಾತ್ರ. ಅದರಲ್ಲಿ ಬರೆದುದನ್ನು ಮಾಡಲು ಅದೇ ಸಾಕಾಗುತ್ತದೆ.

ಎಡಗಡೆಯ ಹೂ ನನಗೆ ಬೇಡವೆಂದು ಹೇಳಿತ್ತು. ಬೇಡವೆಂದ ಮೇಲೆ ಉಳಿದಿದ್ದ ಕೆಲಸವೇನೆಂಬುದನ್ನು ನಾನು ವಿಚಾರಿಸಿಯೇ ಇರಲಿಲ್ಲ; ತಾಯಿಯು ಅದನ್ನು ಆಗಲೇ ಮಾಡುತ್ತಿದ್ದರು. ಹಿತ್ತಿಲಿನಲ್ಲಿ ಎಂಟು ಎಳೆಯ ತೆಂಗಿನ ಸಸಿಗಳಿದ್ದವು. ಬಚ್ಚಲಿನ ನೀರನ್ನೂ ಪಾತ್ರೆ ತೊಳೆದ ನೀರನ್ನೂ ಹಿತ್ತಾಳೆಯ ತಂಬಿಗೆಯಲ್ಲಿ ತುಂಬಿ ತುಂಬಿ ಒಂದೊಂದು ಸಸಿಗೆ ಒಂದೊಂದರಂತೆ ಅವರು ಹೊಯ್ಯುತ್ತಿದ್ದರು. ಬಗ್ಗಿದ ಬೆನ್ನು, ನಡುಗುವ ಕೈ. ನೂರಾರು ಮರಗಳು ಹೋಗುತ್ತಿರುವಾಗ ಇದರಿಂದ ಏನಾಗುತ್ತದಮ್ಮ ಎಂದು ಒಂದು ದಿನ ಸಿಡುಕಿದೆನು. "ಏನಾಗುತ್ತೋ ನಂಗೇನು ಗೊತ್ತಪ್ಪಾ. ಚೆಲ್ಲೋ ನೀರು, ಗಿಡಕ್ಕಾದ್ರೂ ಹೋಗ್ಲಿ" ಎಂದು ಹೇಳಿ ಮುಂದಿನ ಸಸಿಗೆ ಹೋದರು.

ಆ ಮಳೆಗಾಲದಲ್ಲಿ ನಾನೂ ಕೈಲಾದದ್ದನ್ನು ಮಾಡತೊಡಗಿದೆನು. ಸತ್ತ ಮರಗಳನ್ನು ಕಡಿಯಿಸಿದೆನು; ಅವು ನಲವತ್ತಮೂರು. ಉಳಿದ ಮರಗಳ ಸುತ್ತ ಗುಂಡಿ ತೆಗೆಸಿ, ಕಾಯಿಯ ಸಿಪ್ಪೆಗಳನ್ನು ಒಳಮೈ ಮೇಲಾಗುವಂತೆ ಸಾಲುಸಾಲಾಗಿ ಹೂಳಿಸಿದೆನು. ಬಿದ್ದ ಹನಿಯನ್ನು ಸಿಪ್ಪೆಯು ಹಿಡಿದಿಟ್ಟುಕೊಂಡು ಬೇರಿಗೆ ಕೊಡುತ್ತದೆ. ಊರ ಕೆರೆಯಿಂದ ಗೋಡುಮಣ್ಣು ಹೊಡೆಸಿದೆನು. ಖಾಲಿಯಾದ ಕಡೆ ತೆಂಗನ್ನು ನೆಡದೆ ಹುರುಳಿ ರಾಗಿಗಳನ್ನು ಬಿತ್ತಿದೆನು. ಇವೆಲ್ಲವೂ ನನಗೆ ಮೊದಲೇ ಗೊತ್ತಿದ್ದ ಸಂಗತಿಗಳು. ದೇವರು ಹೊಸದಾಗಿ ಏನನ್ನೂ ಹೇಳಲಿಲ್ಲ. ಗೊತ್ತಿದ್ದುದನ್ನು ಮಾಡಲು ಬಿಡದೆ ನನ್ನ ಹಠವು ಅಡ್ಡ ನಿಂತಿತ್ತಷ್ಟೆ. ಸಾಲವು ತೀರಲು ನಾಲ್ಕು ವರ್ಷಗಳು ಹಿಡಿದವು. ಬಳೆಗಳು ಬಿಡಿಸಲ್ಪಟ್ಟವು.

ತಾಯಿಯು 2021ರ ಮೊದಲಿನಲ್ಲಿ ತೀರಿಕೊಂಡರು. ಮರುವರ್ಷ ಮಳೆ ಸುರಿದ ಬಗೆಯನ್ನು ನಮ್ಮ ಜಿಲ್ಲೆಯವರು ಮರೆಯಲಾರರು. ನಮ್ಮ ತಾಲ್ಲೂಕನ್ನು ಹಾದು ಹೋಗುವ ವೇದಾವತಿಯು ಮೈದುಂಬಿ ಹರಿದು, 1933ರಲ್ಲಿ ಒಮ್ಮೆ ತುಂಬಿದ್ದ ಹಿರಿಯೂರಿನ ವಾಣೀವಿಲಾಸ ಸಾಗರವು 2022ರ ಸೆಪ್ಟೆಂಬರಿನಲ್ಲಿ ಮತ್ತೆ ಕೋಡಿ ಬಿದ್ದಿತು. ಎಂಟು ಸಸಿಗಳಲ್ಲಿ ಐದು ಉಳಿದು ಈಗ ಹೊಂಬಾಳೆ ಬಿಟ್ಟಿವೆ. ಹೊಯ್ದವರು ಇದನ್ನು ನೋಡಲಿಲ್ಲ. ನೋಡಬೇಕೆಂದು ಅವರು ಹೊಯ್ದದ್ದೂ ಅಲ್ಲವೆಂಬುದೇ ನನಗಿರುವ ಸಮಾಧಾನ. 2023ರಲ್ಲಿ ಪುನಃ ಬರ ಬಂದಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು. ಉಂಡೆ ಕೊಬ್ಬರಿಗೆ ಆ ಸಾಲಿನ ಬೆಂಬಲ ಬೆಲೆಯು ಕ್ವಿಂಟಾಲಿಗೆ 11,750 ರೂಪಾಯಿಯಾಗಿದ್ದರೂ ತಿಪಟೂರಿನ ಪೇಟೆಯಲ್ಲಿ ಧಾರಣೆಯು ಅದಕ್ಕಿಂತ ಕೆಳಕ್ಕೆ ಕುಸಿಯಿತು. ಆಗಲೂ ಹಿತ್ತಿಲಿಗೆ ಬಚ್ಚಲಿನ ನೀರು ತಪ್ಪಲಿಲ್ಲ. ಈ ಸಲ ತಂಬಿಗೆಯು ನನ್ನ ಕೈಯಲ್ಲಿತ್ತು.

ಈಗ ಇನ್ನೊಂದು ಪ್ರಶ್ನೆಯು ಎದುರಿಗಿದೆ. ಬೆಂಗಳೂರಿನಲ್ಲಿರುವ ಮಗನು ತೋಟವನ್ನು ಮಾರಿ ತನ್ನೊಡನೆ ಬಂದಿರಬೇಕೆಂದು ವರ್ಷದಿಂದ ಹೇಳುತ್ತಿದ್ದಾನೆ. ಅವನ ಮಾತಿನಲ್ಲಿ ಪ್ರೀತಿಯೂ ಇದೆ, ನ್ಯಾಯವೂ ಇದೆ. ಮನೆಯವಳು, ಶ್ರಾವಣದಲ್ಲಿ ಒಂದು ಸಲ ಹೂ ಕೇಳಿಬಿಡೋಣ ಎನ್ನುತ್ತಾಳೆ. ತಂದೆಯ ಮರಗಳನ್ನು ಬಿಟ್ಟು ಹೋಗಲು ನನಗೆ ಮನಸ್ಸಿಲ್ಲವೆಂಬುದನ್ನು ಮರೆಮಾಚುವುದಿಲ್ಲ. ಯಾವ ಕಡೆಯ ಹೂ ಬೀಳಲೆಂದು ಒಳಗೊಳಗೇ ಆಸೆಪಡುತ್ತಿರುವೆನೆಂಬುದೂ ನನಗೆ ಗೊತ್ತಿದೆ. ಆದ್ದರಿಂದ ಗುಡಿಗೆ ಹೋಗಲು ಇನ್ನೂ ದಿನ ಗೊತ್ತು ಮಾಡಿಲ್ಲ. ಎರಡರಲ್ಲಿ ಯಾವುದು ಬಿದ್ದರೂ ಎದ್ದು ಮನೆಗೆ ಬಂದು ಅದರಂತೆ ನಡೆಯಬಲ್ಲೆನೆಂದು ನನಗೆ ನಾನೇ ಹೇಳಿಕೊಳ್ಳಬಲ್ಲ ದಿನ ಹೋಗುತ್ತೇನೆ. ಹೋದ ದಿನ ಒಂದೇ ಸಲ ಕೇಳುತ್ತೇನೆ.